ಫೋಟೊ ಮೇಲೆ ಬಣ್ಣದ ಚೌಕಗಳು, ಆಮೇಲೆ ಕಪ್ಪು ಪರದೆ: ಗ್ರಾಫಿಕ್ಸ್ ಕಾರ್ಡ್ ಹೋಗಿದೆ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ?

ನಾಪೋಕ್ಲು ಆಲ್ಬಂ

ಎಲ್ಲರಿಗೂ ನಮಸ್ಕಾರ. ನಾಪೋಕ್ಲು ಹತ್ತಿರ ತೋಟದ ಮನೆ ನಮ್ಮದು. ಮನೆಯಲ್ಲೇ ಮದುವೆ ಆಲ್ಬಂ ಡಿಸೈನ್ ಮಾಡುತ್ತೇನೆ, ಸ್ವಲ್ಪ ವಿಡಿಯೊ ಎಡಿಟಿಂಗ್ ಕೂಡ. ಮೇ ತಿಂಗಳ ಮದುವೆಗಳ ಕೆಲಸ ಇನ್ನೂ ಬಾಕಿ ಇದೆ. ಈ ಹೊತ್ತಿನಲ್ಲೇ ಕಂಪ್ಯೂಟರ್ ಕೈ ಕೊಡುತ್ತಿದೆ.

ಆನ್ ಮಾಡಿದಾಗ ಏನೂ ತೊಂದರೆ ಇಲ್ಲ. ಲೋಗೊ ಸರಿಯಾಗಿ ಬರುತ್ತದೆ, ವಿಂಡೋಸ್ ಬರುತ್ತದೆ, ಬ್ರೌಸರ್, ಯೂಟ್ಯೂಬ್ ಎಲ್ಲ ಚೆನ್ನಾಗಿ ನಡೆಯುತ್ತವೆ. ದೊಡ್ಡ ಆಲ್ಬಂ ಫೈಲ್ ತೆರೆದು ಸ್ವಲ್ಪ ಹೊತ್ತು ಕೆಲಸ ಮಾಡಿದ ಮೇಲೆ ಹಸಿರು, ನೇರಳೆ ಬಣ್ಣದ ಸಣ್ಣ ಚೌಕಗಳು ಶುರುವಾಗುತ್ತವೆ. ನಿನ್ನೆ ವರನ ಬಿಳಿ ಕುಪ್ಯದ (ಕೊಡವರ ಉದ್ದ ಅಂಗಿ) ಮೇಲೆ ಸಾಲಾಗಿ, ಒಂದೇ ಅಂತರದಲ್ಲಿ ಬಂದವು. ಜೂಮ್ ಮಾಡಿದರೆ ಜಾಗ ಬದಲಾಯಿಸುತ್ತವೆ. ಆಮೇಲೆ ಪರದೆ ಕಪ್ಪು. ಕೆಲವು ಸಲ ಎರಡು ಮೂರು ಸೆಕೆಂಡಿನಲ್ಲಿ ವಾಪಸ್ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ. ಆದರೆ ಹಾಡು ಹಾಕಿದ್ದರೆ ಅದು ಕೇಳುತ್ತಲೇ ಇರುತ್ತದೆ.

ಇಂಟೆಲ್ ಐ5 ಏಳನೇ ತಲೆಮಾರಿನ ಪ್ರೊಸೆಸರ್, 16 ಜಿಬಿ ರ‍್ಯಾಮ್, 550 ವ್ಯಾಟ್ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಪವರ್ ಕೊಡುವ ಡಬ್ಬಿ). ಕಾರ್ಡ್ 8 ಜಿಬಿ, ಜಿಡಿಡಿಆರ್5 ಮೆಮೊರಿ, ಒಂದು 8 ಪಿನ್ ಪವರ್ ಕನೆಕ್ಟರ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಕಂಪನಿ ಹೆಸರು ಬರೆಯುವುದಿಲ್ಲ, ಇಷ್ಟು ಹಳೇ ಕಾರ್ಡಿಗೆ ಅವರನ್ನು ದೂರುವುದು ಸರಿಯಲ್ಲ.

ಒಬ್ಬ ಅಂಗಡಿಯವರು ಫೋನಿನಲ್ಲೇ "ಕಾರ್ಡ್ ಹೋಗಿದೆ, ಹೊಸದು ಹಾಕಿಬಿಡಿ" ಅಂದರು. ಕಣ್ಣಲ್ಲಿ ನೋಡದೆ ಹಾಗೆ ಹೇಳಿದ್ದು ನನಗೆ ಸರಿ ಕಾಣಲಿಲ್ಲ. ದುಡ್ಡು ಸುರಿಯುವ ಮೊದಲು ನಿಜವಾಗಿ ಹೋಗಿರುವುದು ಯಾವುದು ಅಂತ ಗೊತ್ತಾಗಬೇಕು. ಎಲ್ಲಿಂದ ಶುರು ಮಾಡಲಿ?

ಗೋಣಿಕೊಪ್ಪ ಗೇಮರ್

ಅಕ್ಕ, ಮೊದಲು ಡ್ರೈವರ್, ಅಂದರೆ ವಿಂಡೋಸ್ ಕಾರ್ಡನ್ನು ನಡೆಸಲು ಬಳಸುವ ಸಾಫ್ಟ್‌ವೇರ್ ನೋಡಿ. ಖರ್ಚಿಲ್ಲದ ಕೆಲಸ. ಡಿಡಿಯು ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಹಳೇ ಡಿಸ್‌ಪ್ಲೇ ಡ್ರೈವರನ್ನು ಬೇರುಸಹಿತ ಕಿತ್ತು ಹಾಕುತ್ತದೆ. ಇಂಟರ್ನೆಟ್ ಬಂದ್ ಮಾಡಿ, ಸೇಫ್ ಮೋಡ್‌ಗೆ ಹೋಗಿ ಅದನ್ನು ಓಡಿಸಿ. ಇಂಟರ್ನೆಟ್ ಇದ್ದರೆ ವಿಂಡೋಸ್ ಮಧ್ಯದಲ್ಲಿ ತಾನೇ ಒಂದು ಡ್ರೈವರ್ ತಂದು ಹಾಕಿಬಿಡುತ್ತದೆ. ಆಮೇಲೆ ಕಾರ್ಡ್ ಕಂಪನಿಯ ಸೈಟಿನಿಂದ ಮೊದಲೇ ಇಳಿಸಿಟ್ಟುಕೊಂಡ ಡ್ರೈವರ್ ಹಾಕಿ.

ಇನ್ನೊಂದು, ಈವೆಂಟ್ ವ್ಯೂವರ್ ತೆರೆದು ಸಿಸ್ಟಂ ಲಾಗ್‌ನಲ್ಲಿ 4101 ಇದೆಯಾ ನೋಡಿ. ಕಾರ್ಡ್ 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ರೀಸೆಟ್ ಮಾಡುತ್ತದೆ. ನಿಮ್ಮ ಪರದೆ ಕಪ್ಪಾಗಿ ವಾಪಸ್ ಬರುವುದು ಅದೇ ಇರಬೇಕು.

ಕುಶಾಲನಗರ ರಿಪೇರಿ

ಮೇಡಂ, ನಾನು ಕುಶಾಲನಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಮಳೆಗಾಲ ಬಂತು ಅಂದರೆ ಇಂಥ ಕೇಸ್ ಜಾಸ್ತಿ. ನೀವು ಲಕ್ಷಣವನ್ನು ಇಷ್ಟು ಚೆನ್ನಾಗಿ ಬರೆದದ್ದರಿಂದ ಅರ್ಧ ಕೆಲಸ ಆಗಿದೆ, ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಕಂಪ್ಯೂಟರ್ ಪೂರ್ತಿ ಆಫ್ ಆಗಿಬಿಟ್ಟಿದ್ದರೆ ಅಥವಾ ತಾನೇ ರೀಸ್ಟಾರ್ಟ್ ಆಗಿದ್ದರೆ ನಾನು ಮೊದಲು ಎಸ್‌ಎಂಪಿಎಸ್ ಮೇಲೆ ಕಣ್ಣಿಡುತ್ತಿದ್ದೆ. ನಿಮ್ಮಲ್ಲಿ ಪರದೆ ಹೋದರೂ ಹಾಡು ನಡೆಯುತ್ತಿದೆ. ಅಂದರೆ ಬೋರ್ಡ್, ಪ್ರೊಸೆಸರ್ ಕೆಲಸ ಮಾಡುತ್ತಲೇ ಇವೆ, ಚಿತ್ರ ಕಳಿಸುವ ಕಡೆ ಮಾತ್ರ ನಿಂತಿದೆ. ಆ ಕಡೆ ಅಂದರೆ ಕಾರ್ಡ್, ಡ್ರೈವರ್, ಕೇಬಲ್, ಮಾನಿಟರ್, ಮತ್ತೆ ಕಾರ್ಡಿಗೆ ಹೋಗುವ ಪವರ್. ಇವುಗಳಲ್ಲಿ ಒಂದೊಂದನ್ನೇ ಬಿಡುತ್ತಾ ಬರಬೇಕು. ಒಂದೇ ಸಲಕ್ಕೆ ಡ್ರೈವರೂ ಬದಲಿಸಿ, ಕೇಬಲೂ ಬದಲಿಸಿ, ಕಾರ್ಡೂ ಒರೆಸಿದರೆ ಸರಿ ಹೋದರೂ ಯಾವುದರಿಂದ ಅಂತ ತಿಳಿಯುವುದಿಲ್ಲ.

ಈಗಲೇ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ಚೌಕಗಳು ಬಂದ ತಕ್ಷಣ ವಿಂಡೋಸ್ ಕೀ ಹಿಡಿದು ಪ್ರಿಂಟ್ ಸ್ಕ್ರೀನ್ ಒತ್ತಿ. ಜೊತೆಗೆ ಮೊಬೈಲಿನಲ್ಲಿ ಪರದೆಯ ಫೋಟೊ ಕೂಡ ತೆಗೆಯಿರಿ. ಆಮೇಲೆ ಆ ಸ್ಕ್ರೀನ್‌ಶಾಟನ್ನು ಬೇರೆ ಕಡೆ, ನಿಮ್ಮ ಫೋನಿನಲ್ಲೇ ಆಗಲಿ, ತೆರೆದು ನೋಡಿ. ಸ್ಕ್ರೀನ್‌ಶಾಟಿನಲ್ಲೂ ಚೌಕ ಇದ್ದರೆ ಚಿತ್ರ ಕಾರ್ಡಿನ ಒಳಗೇ ಕೆಟ್ಟಿದೆ, ಕೇಬಲಿಗೂ ಮಾನಿಟರಿಗೂ ಸಂಬಂಧ ಇಲ್ಲ. ಪರದೆಯಲ್ಲಿ ಮಾತ್ರ ಇದ್ದು ಸ್ಕ್ರೀನ್‌ಶಾಟ್ ಸ್ವಚ್ಛ ಇದ್ದರೆ ಮೊದಲು ಎಚ್‌ಡಿಎಂಐ ಕೇಬಲ್ ಬದಲಿಸಿ ನೋಡಿ.

ಮತ್ತೊಂದು. ನಿಮ್ಮದು ಏಳನೇ ತಲೆಮಾರಿನ ಐ5. ಅದರೊಳಗೇ ಗ್ರಾಫಿಕ್ಸ್ ಇದೆ. ಕಾರ್ಡ್ ಪೂರ್ತಿ ತೆಗೆದು ಮಾನಿಟರನ್ನು ಬೋರ್ಡಿನ ಎಚ್‌ಡಿಎಂಐಗೆ ಹಾಕಿದರೂ ಕಂಪ್ಯೂಟರ್ ನಡೆಯುತ್ತದೆ. ಹೆಸರಿನ ಕೊನೆಯಲ್ಲಿ 'ಎಫ್' ಇರುವ ಹೊಸ ಇಂಟೆಲ್‌ಗಳಲ್ಲಿ ಈ ಸೌಲಭ್ಯ ಇರುವುದಿಲ್ಲ, ನಿಮಗೆ ಇದೆ. ಅದು ದೊಡ್ಡ ಅನುಕೂಲ.

ನಾಪೋಕ್ಲು ಆಲ್ಬಂ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಡಿಡಿಯು ಹಾಕಿ ಡ್ರೈವರ್ ಹೊಸದಾಗಿ ಹಾಕಿದೆ. ಚೌಕ ಮತ್ತೆ ಬಂತು. ಸ್ಕ್ರೀನ್‌ಶಾಟ್ ಫೋನಿನಲ್ಲಿ ನೋಡಿದರೆ ಅದರಲ್ಲೂ ಇದೆ, ಮೊಬೈಲ್ ಫೋಟೊದಲ್ಲಿ ಇದ್ದ ಜಾಗದಲ್ಲೇ ಇದೆ. ಈವೆಂಟ್ ವ್ಯೂವರಿನಲ್ಲಿ 4101 ಸಾಲು ಸಾಲಾಗಿ ಇದೆ. ಕರ್ನಲ್ ಪವರ್ 41 ಅಂತಲೂ ಕೆಲವು ಇವೆ. ಅದು ಪವರ್ ತೊಂದರೆ ಅಂತ ಅಲ್ವಾ?

ಕುಶಾಲನಗರ ರಿಪೇರಿ

41 ಅಂದರೆ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಅಂತ ಮಾತ್ರ. ಪರದೆ ವಾಪಸ್ ಬರದಿದ್ದಾಗ ನೀವು ಪವರ್ ಬಟನ್ ಒತ್ತಿ ಹಿಡಿದಿರುತ್ತೀರಿ, ಆಗಲೂ ಅದೇ ಬೀಳುತ್ತದೆ. ಕರೆಂಟ್ ಹೋದರೂ ಅದೇ. ಹೆಸರಿನಲ್ಲಿ ಪವರ್ ಇದೆ ಅಂತ ಎಸ್‌ಎಂಪಿಎಸ್ ಬದಲಿಸಬೇಡಿ.

ಕೇಬಲ್, ಮಾನಿಟರ್ ಬಿಟ್ಟಾಯಿತು. ಡ್ರೈವರ್ ಬಹುಮಟ್ಟಿಗೆ ಬಿಟ್ಟಾಯಿತು.

ಸೋಮವಾರಪೇಟೆ ಲೈನ್

ನೋಡಮ್ಮ, ನಾನು ವೈರಿಂಗ್ ಕೆಲಸದಲ್ಲೇ ತಲೆ ಬೆಳ್ಳಗಾದವನು. ನಮ್ಮ ಜಿಲ್ಲೆಯಲ್ಲಿ ಕರೆಂಟ್ ನೋಡದೆ ಯಾವ ಮಿಷನ್ನನ್ನೂ ದೂರಬಾರದು ಅಂತ ನನ್ನ ಅಭಿಪ್ರಾಯ. ಮಳೆಯಲ್ಲಿ ಮರದ ಕೊಂಬೆ ಲೈನಿಗೆ ತಾಗುತ್ತಿರುತ್ತದೆ, ವೋಲ್ಟೇಜ್ ಇಳಿಯುತ್ತದೆ ಏರುತ್ತದೆ. ಕರೆಂಟ್ ಹೋಗಿ ಬರುವ ಆ ಕ್ಷಣ ಇದೆಯಲ್ಲ, ಅದು ಬಹಳ ಕೆಟ್ಟದ್ದು. ಹೋದ ತಕ್ಷಣ ಸ್ವಿಚ್ ಆಫ್ ಮಾಡಿ, ಬಂದ ಮೇಲೆ ಸ್ವಲ್ಪ ಹೊತ್ತು ನಿಂತ ಮೇಲೇ ಹಾಕಬೇಕು.

ಎರಡು ಪ್ರಶ್ನೆ. ಕ್ಯಾಬಿನೆಟ್ಟಿನ ಹಿಂದಿನ ತಗಡು ಮುಟ್ಟಿದರೆ ಝುಮ್ ಅನ್ನುತ್ತದೆಯಾ? ಎಸ್‌ಎಂಪಿಎಸ್ ಕೊಡುವ 12 ವೋಲ್ಟ್ ಅಳೆದಿದ್ದೀರಾ?

ಝುಮ್ ಅನ್ನುತ್ತಿದ್ದರೆ ಅರ್ಥಿಂಗ್ ಇಲ್ಲ ಅಂತ ತಿಳಿಯಿರಿ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ತಗಡಿಗೆ ಒಂದೊಂದು ಸಣ್ಣ ಕೆಪ್ಯಾಸಿಟರ್ ಇರುತ್ತದೆ. ಅರ್ಥ್ ಸರಿ ಇದ್ದರೆ ಅದರ ಸೋರಿಕೆ ಭೂಮಿಗೆ ಹೋಗುತ್ತದೆ. ಇಲ್ಲದಿದ್ದರೆ ಇಡೀ ಕ್ಯಾಬಿನೆಟ್ 230ರ ಅರ್ಧ, ಹತ್ತಿರ ಹತ್ತಿರ 115 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಕರೆಂಟ್ ಕಡಿಮೆ, ಜೀವಕ್ಕೆ ಸಾಮಾನ್ಯವಾಗಿ ಅಪಾಯ ಇಲ್ಲ. ಆದರೆ ಆ ಸ್ಥಿತಿಯಲ್ಲಿ ಟಿವಿಯ ಡಿಶ್ ಕೇಬಲೋ ಬೇರೆ ಮಿಷನ್ನೋ ಎಚ್‌ಡಿಎಂಐ ಮೂಲಕ ಜೋಡಿಸಿದರೆ ಪೋರ್ಟ್ ಸುಟ್ಟು ಹೋಗಬಹುದು.

12 ವೋಲ್ಟ್ ಅಳೆಯಲು ಮಲ್ಟಿಮೀಟರ್ ಸಾಕು. ಖಾಲಿ ಇರುವ ನಾಲ್ಕು ಪಿನ್ನಿನ ದಪ್ಪ ಕನೆಕ್ಟರಿನಲ್ಲಿ ಹಳದಿ ಮತ್ತು ಕಪ್ಪು ವೈರ್. 11.4ರಿಂದ 12.6ರ ಒಳಗೆ ಇರಬೇಕು. ಸುಮ್ನೆ ಇರುವಾಗ ಅಳೆದು ಪ್ರಯೋಜನ ಇಲ್ಲ, ಕಾರ್ಡಿಗೆ ಭಾರ ಬಿದ್ದಾಗ ಅಳೆಯಬೇಕು. ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದರೊಳಗಿನ ದೊಡ್ಡ ಕೆಪ್ಯಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ.

ವಿರಾಜಪೇಟೆ ವಿದ್ಯಾರ್ಥಿ

ಸರ್, ಮಧ್ಯದಲ್ಲಿ ಒಂದು ಪ್ರಶ್ನೆ. ನಮ್ಮ ಮನೆಯಲ್ಲಿ ಕಂಪ್ಯೂಟರ್ ಇನ್ವರ್ಟರ್ ಮೇಲಿದೆ. ಕರೆಂಟ್ ಹೋದಾಗ ಕೆಲವು ಸಲ ರೀಸ್ಟಾರ್ಟ್ ಆಗುತ್ತದೆ. ಇದರಿಂದ ಕಾರ್ಡ್ ಹಾಳಾಗುತ್ತದಾ?

ಸೋಮವಾರಪೇಟೆ ಲೈನ್

ಇನ್ವರ್ಟರ್ ಹಿಂದೆ ಅಥವಾ ಮುಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇರುತ್ತದೆ ನೋಡಪ್ಪ, ಅದನ್ನು ಹಾಕು. ಕಂಪ್ಯೂಟರಿನ ಎಸ್‌ಎಂಪಿಎಸ್ ಕರೆಂಟ್ ಇಲ್ಲದೆ 16-17 ಮಿಲಿಸೆಕೆಂಡ್ ತಡೆಯುವಂತೆ ಮಾಡಿರುತ್ತಾರೆ. ಇನ್ವರ್ಟರ್ ಅದಕ್ಕಿಂತ ನಿಧಾನವಾಗಿ ಬದಲಾದರೆ ರೀಸ್ಟಾರ್ಟ್. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಒಳ್ಳೇ ಎಸ್‌ಎಂಪಿಎಸ್‌ಗಳೇ ಗುಂಯ್‌ಗುಟ್ಟುತ್ತವೆ, ಕೆಲವು ಆಫ್ ಆಗುತ್ತವೆ. ಕಾರ್ಡ್ ತಕ್ಷಣ ಹಾಳಾಗುವುದಿಲ್ಲ, ಬರೆಯುತ್ತಿರುವ ಫೈಲ್ ಮಾತ್ರ ಹಾಳಾದೀತು. ಕಂಪ್ಯೂಟರಿಗೆ ಸೈನ್ ವೇವ್ ಒಳ್ಳೆಯದು.

ಮಡಿಕೇರಿ ಮೋಡ

ಎಲ್ಲರೂ ಕರೆಂಟ್ ಅನ್ನುತ್ತಿದ್ದೀರಿ, ನಾನು ತೇವದ ಬಗ್ಗೆ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿ, ಬೆಲ್ಟ್, ಪುಸ್ತಕ ಎಲ್ಲದಕ್ಕೂ ಬೂಸ್ಟು ಹಿಡಿಯುತ್ತದೆ. ಕಂಪ್ಯೂಟರ್ ಹೇಗೆ ಬಿಟ್ಟೀತು? ಅದರ ಮೇಲೆ ಬಚ್ಚಲ ಒಲೆಯ ಹೊಗೆ, ಬಟ್ಟೆ ಒಣಗಿಸಲು ಹಾಕಿದ ಬೆಂಕಿಯ ಹೊಗೆ. ಬಯಲುಸೀಮೆಯ ದೂಳು ಊದಿದರೆ ಹಾರುತ್ತದೆ. ನಮ್ಮದು ಹೊಗೆಯ ಜಿಡ್ಡಿಗೆ ಅಂಟಿಕೊಂಡಿರುತ್ತದೆ, ಬ್ರಷ್ ಹಾಕಿ ಉಜ್ಜಿದರೂ ಬರುವುದಿಲ್ಲ.

ಕಾರ್ಡ್ ಹೊರಗೆ ತೆಗೆದು ಚಿನ್ನದ ಬಣ್ಣದ ಅಂಚು ನೋಡಿ. ಬಣ್ಣ ಮಾಸಿದ್ದರೆ, ಮಚ್ಚೆ ಇದ್ದರೆ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಒಂದೇ ದಿಕ್ಕಿನಲ್ಲಿ ಉಜ್ಜಿ. ರಬ್ಬರಿನ ಪುಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿ. ಪೂರ್ತಿ ಒಣಗಿದ ಮೇಲೆ ವಾಪಸ್ ಹಾಕಿ. ಸ್ಲಾಟಿನೊಳಗೆ ಏನನ್ನೂ ತುರುಕಬೇಡಿ. 8 ಪಿನ್ ಕನೆಕ್ಟರಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆಯಾ ಅಂತಲೂ ನೋಡಿ. ಸಡಿಲ ಪಿನ್ ಬಿಸಿಯಾದರೆ ಅಲ್ಲೇ ಮೊದಲು ಕಾಣುತ್ತದೆ.

ಮಳೆಗಾಲದಲ್ಲಿ ಕಂಪ್ಯೂಟರನ್ನು ವಾರಗಟ್ಟಲೆ ಆಫ್ ಮಾಡಿ ಇಡುವುದು ಓಡಿಸುವುದಕ್ಕಿಂತ ಕೆಟ್ಟದ್ದು. ದಿನಾ ಸ್ವಲ್ಪ ಹೊತ್ತು ಓಡಿದರೆ ಅದರ ಬಿಸಿಗೆ ಅದೇ ಒಣಗುತ್ತದೆ.

ನಾಪೋಕ್ಲು ಆಲ್ಬಂ

ಸೋಮವಾರಪೇಟೆ ಸರ್, ನೀವು ಕೇಳಿದ್ದು ಸರಿಯಾಗಿದೆ. ತಗಡು ಮುಟ್ಟಿದರೆ ಝುಮ್ ಅನ್ನುತ್ತದೆ. ಕಂಪ್ಯೂಟರ್ ಅಂದರೆ ಹಾಗೇ ಅಂದುಕೊಂಡು ಮನೆಯವರೆಲ್ಲ ಸುಮ್ಮನಿದ್ದೆವು. ನಮ್ಮ ಎಲೆಕ್ಟ್ರಿಷಿಯನ್ ಬಂದು ನೋಡಿದರು. ಅರ್ಥ್ ಪೈಪಿನ ಹತ್ತಿರ ವೈರ್ ತುಕ್ಕು ಹಿಡಿದು ಬಿಟ್ಟುಹೋಗಿತ್ತು. ಗುಂಡಿಗೆ ಹೊಸದಾಗಿ ಇದ್ದಿಲು, ಉಪ್ಪು ಹಾಕಿ ವೈರ್ ಬದಲಿಸಿದರು. ಈಗ ಝುಮ್ ಇಲ್ಲ. ಫ್ರಿಜ್ ಮುಟ್ಟಿದರೂ ಇಲ್ಲ.

ಕಾರ್ಡ್ ತೆಗೆದು ನೋಡಿದೆ. ಅಂಚಿನ ಒಂದು ಬದಿ ಮಂಕಾಗಿತ್ತು, ರಬ್ಬರ್ ಹಾಕಿ ಒರೆಸಿದೆ. ಫ್ಯಾನಿನ ಹಿಂದಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಕಂಬಳಿ ಥರ ದೂಳು, ಅದನ್ನೂ ಬಿಡಿಸಿದೆ. ಪವರ್ ಕನೆಕ್ಟರ್ ಸ್ವಚ್ಛ ಇದೆ. 12 ವೋಲ್ಟ್ ಸುಮ್ಮನಿದ್ದಾಗ 12.1, ಆಲ್ಬಂ ಫೈಲ್ ತೆರೆದಾಗ 12.0.

ಇದೆಲ್ಲ ಆದ ಮೇಲೂ ಸಂಜೆ ಚೌಕ ಬಂತು.

ಗೋಣಿಕೊಪ್ಪ ಗೇಮರ್

ಫರ್‌ಮಾರ್ಕ್ ಹಾಕಿ ಅಕ್ಕ. ಕಾರ್ಡಿನ ಮೇಲೆ ಪೂರ್ತಿ ಭಾರ ಹಾಕುತ್ತದೆ. ಪಕ್ಕದಲ್ಲಿ ಎಚ್‌ಡಬ್ಲ್ಯುಇನ್ಫೋ ತೆರೆದಿಟ್ಟು ಬಿಸಿ ನೋಡುತ್ತಿರಿ. 90 ದಾಟಿದರೆ ತಕ್ಷಣ ನಿಲ್ಲಿಸಿ. ಹಾಕಿ ಎದ್ದು ಹೋಗಬೇಡಿ, ಎದುರಿಗೇ ಕೂತಿರಿ. 12 ವೋಲ್ಟ್ ಕೂಡ ಆಗಲೇ ಅಳೆಯಿರಿ.

ನಾಪೋಕ್ಲು ಆಲ್ಬಂ

ಹಾಕಿದೆ. ಕಾಲು ಗಂಟೆ ಓಡಿತು. 74 ಡಿಗ್ರಿಯಲ್ಲಿ ನಿಂತಿತು, ಮೇಲೆ ಹೋಗಲಿಲ್ಲ. ಒಂದು ಚೌಕವೂ ಇಲ್ಲ, ಪರದೆ ಕಪ್ಪಾಗಲಿಲ್ಲ. 12 ವೋಲ್ಟ್ 11.9. ಇಷ್ಟು ಭಾರ ತಡೆದ ಕಾರ್ಡ್ ಆಲ್ಬಂ ಫೈಲಿಗೆ ಯಾಕೆ ಬೀಳುತ್ತದೆ? ಹಾಗಾದರೆ ಕಾರ್ಡ್ ಸರಿ ಇದೆಯಾ?

ಮೈಸೂರು ಚಿಪ್

ಈ ಚರ್ಚೆಯನ್ನು ಮೊದಲಿನಿಂದ ಓದಿದೆ. ಮೈಸೂರಿನಲ್ಲಿ ಬೋರ್ಡ್ ಮಟ್ಟದ ರಿಪೇರಿ ಮಾಡುತ್ತೇನೆ. ಫರ್‌ಮಾರ್ಕ್ ಪಾಸಾದದ್ದು ಬಹಳ ಒಳ್ಳೇ ಸುಳಿವು, ಆದರೆ ಅದರಿಂದ ಕಾರ್ಡ್ ಸರಿ ಇದೆ ಅಂತ ಆಗುವುದಿಲ್ಲ.

ಫರ್‌ಮಾರ್ಕ್ ಕಾರ್ಡಿನ ಮುಖ್ಯ ಚಿಪ್ಪನ್ನೂ ಪವರ್ ಭಾಗವನ್ನೂ ಚೆನ್ನಾಗಿ ಬೇಯಿಸುತ್ತದೆ. ಮೆಮೊರಿಯನ್ನು ಬಹಳ ಕಡಿಮೆ ತುಂಬುತ್ತದೆ. ಹಾಗಾಗಿ ನಿಮ್ಮ ಎಸ್‌ಎಂಪಿಎಸ್, ಕಾರ್ಡಿನ ಪವರ್ ಭಾಗ, ಥರ್ಮಲ್ ಪೇಸ್ಟ್, ಫ್ಯಾನ್, ಮುಖ್ಯ ಚಿಪ್ ಇವೆಲ್ಲ ಸದ್ಯಕ್ಕೆ ಪಟ್ಟಿಯಿಂದ ಹೊರಗೆ ಹೋದವು. ದೊಡ್ಡ ಆಲ್ಬಂ ಫೈಲ್ ಮಾಡುವುದು ಉಲ್ಟಾ ಕೆಲಸ. ಚಿಪ್ಪಿಗೆ ಭಾರ ಕಡಿಮೆ, ಮೆಮೊರಿಗೆ ಫೋಟೊ ಮೇಲೆ ಫೋಟೊ ತುಂಬುತ್ತಾ ಹೋಗುತ್ತದೆ. ಚೌಕಗಳು ಒಂದೇ ಅಂತರದಲ್ಲಿ ಸಾಲಾಗಿ ಬಂದವು ಅಂತ ಮೊದಲ ದಿನವೇ ಬರೆದಿದ್ದೀರಿ. ಅದು ಮೆಮೊರಿ ತೊಂದರೆಯ ಮುಖಲಕ್ಷಣ.

ಈಗ ಜಿಪಿಯು-ಝಡ್ ತೆರೆದು ಸೆನ್ಸರ್ ಪುಟದಲ್ಲಿ ಎಷ್ಟು ಮೆಮೊರಿ ಬಳಕೆಯಲ್ಲಿದೆ ಅನ್ನುವ ಸಾಲನ್ನು ನೋಡುತ್ತಾ ಆಲ್ಬಂ ತೆರೆಯಿರಿ. ಚೌಕ ಶುರುವಾಗುವಾಗ ಎಷ್ಟಿದೆ ಬರೆದಿಡಿ. ಆಮೇಲೆ ಮೆಮ್‌ಟೆಸ್ಟ್ ವಲ್ಕನ್ ಅಂತ ಉಚಿತ ಸಾಧನ ಇದೆ. ಕಾರ್ಡಿನ ಮೆಮೊರಿಯನ್ನು ಹತ್ತಿರ ಹತ್ತಿರ ಪೂರ್ತಿ ತುಂಬಿ, ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುತ್ತದೆ. ಸುಮಾರು 5 ನಿಮಿಷ ಸಾಕು. ಓಸಿಸಿಟಿಯಲ್ಲೂ ಇಂಥ ಪರೀಕ್ಷೆ ಇದೆ.

ಕಂಪ್ಯೂಟರಿನ ರ‍್ಯಾಮ್ ಬೇರೆ, ಕಾರ್ಡಿನ ಮೆಮೊರಿ ಬೇರೆ. ರ‍್ಯಾಮ್ ಕೆಟ್ಟಿದ್ದರೂ ಚಿತ್ರ ಹಾಳಾಗಬಹುದು, ಹಾಗಾಗಿ ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86+ ರಾತ್ರಿಯಿಡೀ ಓಡಿಸಿ ಅದನ್ನೂ ಬಿಟ್ಟುಬಿಡಿ.

ನಾಪೋಕ್ಲು ಆಲ್ಬಂ

ಮೆಮ್‌ಟೆಸ್ಟ್86+ ಬೆಳಗಿನವರೆಗೆ ಓಡಿತು, ಒಂದೂ ತಪ್ಪಿಲ್ಲ. ಪುಣ್ಯಕ್ಕೆ ರಾತ್ರಿ ಕರೆಂಟ್ ಹೋಗಲಿಲ್ಲ.

ಜಿಪಿಯು-ಝಡ್ ನೋಡುತ್ತಾ ಆಲ್ಬಂ ತೆರೆದೆ. 2 ಜಿಬಿ, 3 ಜಿಬಿ, ಏನೂ ಇಲ್ಲ. 5 ಜಿಬಿ ದಾಟಿ ಸ್ವಲ್ಪ ಹೊತ್ತಿಗೆ ಮೊದಲ ಚೌಕ ಬಂತು. ಫೈಲ್ ಮುಚ್ಚಿ ಮತ್ತೆ ತೆರೆದರೂ ಹತ್ತಿರ ಹತ್ತಿರ ಅಷ್ಟರಲ್ಲೇ. ಮೆಮ್‌ಟೆಸ್ಟ್ ವಲ್ಕನ್ ಮೊದಲ ನಿಮಿಷದಲ್ಲೇ ಕೆಂಪು ಅಕ್ಷರದಲ್ಲಿ ತಪ್ಪು ತೋರಿಸಿತು. ಮತ್ತೆ ಹಾಕಿದರೂ ಮತ್ತೆ ತಪ್ಪು, ಅದೇ ಒಂದು ಭಾಗದಲ್ಲಿ ಜಾಸ್ತಿ.

ಮೈಸೂರು ಚಿಪ್

ಬಂತು ನೋಡಿ. 8 ಜಿಬಿಯ ಇಂಥ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಎಂಟು ಮೆಮೊರಿ ಚಿಪ್ ಇರುತ್ತವೆ, ಒಂದೊಂದು 1 ಜಿಬಿ. ಮುಖ್ಯ ಚಿಪ್ಪಿನ ಸುತ್ತ ಕೂತಿರುತ್ತವೆ. ಒಂದು ಪೂರ್ತಿ ಸತ್ತಿದ್ದರೆ ಲೋಗೊ ಬರುವಾಗಲೇ ಪರದೆ ತುಂಬಾ ಗೆರೆ, ಚುಕ್ಕಿ ಇರುತ್ತಿತ್ತು. ಯಾಕೆಂದರೆ ಬರೆಯುವ ಡೇಟಾವನ್ನು ಎಂಟಕ್ಕೂ ಹಂಚಿ ಹಂಚಿ ಬರೆಯುತ್ತದೆ, ಒಂದು ತುಂಬಿದ ಮೇಲೆ ಇನ್ನೊಂದು ಅಂತ ಇಲ್ಲ. ನಿಮ್ಮದು ಅರ್ಧಕ್ಕಿಂತ ಮೇಲೆ ತುಂಬಿದಾಗ ಮಾತ್ರ ಬರುತ್ತಿದೆ. ಅಂದರೆ ಯಾವುದೋ ಒಂದು ಚಿಪ್ಪಿನೊಳಗೆ ಒಂದಿಷ್ಟು ಜಾಗ ಸೋತಿದೆ. ಬೆಸುಗೆ ಬಿಟ್ಟಿದ್ದರೆ ಇಷ್ಟು ಕ್ರಮವಾಗಿ ಇರುವುದಿಲ್ಲ.

ಇನ್ನೊಂದು ಪರೀಕ್ಷೆ. ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿ ಮೆಮೊರಿ ವೇಗವನ್ನು 2000ದಿಂದ 1750 ಮೆಗಾಹರ್ಟ್ಸ್‌ಗೆ ಇಳಿಸಿ ಮತ್ತೆ ಅದೇ ಪರೀಕ್ಷೆ ಮಾಡಿ. ತಪ್ಪು ಕಡಿಮೆಯಾದರೆ ಮೆಮೊರಿಯ ಮೇಲಿನ ಅನುಮಾನ ಗಟ್ಟಿಯಾಗುತ್ತದೆ.

ಗೋಣಿಕೊಪ್ಪ ಗೇಮರ್

ಅಣ್ಣ, ಮೈನಿಂಗ್ ಕಾರ್ಡ್, ಅಂದರೆ ಕ್ರಿಪ್ಟೊ ನಾಣ್ಯ ಗಳಿಸಲು ಓಡಿಸಿದ ಕಾರ್ಡ್ ಇರಬಹುದಲ್ವಾ? 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ ನಿಂತ ಮೇಲೆ ರಾಶಿ ರಾಶಿ ಹಳೇ ಕಾರ್ಡ್ ಮಾರುಕಟ್ಟೆಗೆ ಬಂತು. ಮೈನಿಂಗ್ ಮಾಡುವವರು ಬಯಾಸ್ (ಕಾರ್ಡಿನೊಳಗೇ ಇರುವ ಮೂಲ ಸಾಫ್ಟ್‌ವೇರ್) ತಿದ್ದಿ ಮೆಮೊರಿಯ ಟೈಮಿಂಗ್ ಬಿಗಿ ಮಾಡುತ್ತಿದ್ದರು. ಆ ಬಯಾಸ್ ಹಾಗೇ ಇದ್ದರೆ ಚಿಪ್ ಸರಿ ಇದ್ದರೂ ತಪ್ಪು ಬರುತ್ತದೆ. ಅಕ್ಕ, ಕಾರ್ಡಿನ ಮೇಲಂಚಿನಲ್ಲಿ ಸಣ್ಣ ಸ್ವಿಚ್ ಇದೆಯಾ ನೋಡಿ. ಕೆಲವು ಕಾರ್ಡಿನಲ್ಲಿ ಎರಡು ಬಯಾಸ್ ಇರುತ್ತದೆ. ಕಂಪ್ಯೂಟರ್ ಆಫ್ ಮಾಡಿ ಸ್ವಿಚ್ ಇನ್ನೊಂದು ಕಡೆ ತಳ್ಳಿ ನೋಡಿ.

ಮೈಸೂರು ಚಿಪ್

ಒಳ್ಳೇ ಮಾತು. ಇದನ್ನು ನೋಡದೆ ಚಿಪ್ ಬದಲಿಸಲು ಹೋಗಬಾರದು.

ನಾಪೋಕ್ಲು ಆಲ್ಬಂ

ಸ್ವಿಚ್ ಇದೆ. ಎರಡೂ ಕಡೆ ಹಾಕಿ ನೋಡಿದೆ, ಎರಡರಲ್ಲೂ ತಪ್ಪು ಬರುತ್ತದೆ. ಬಯಾಸ್ ಆವೃತ್ತಿಯ ಸಂಖ್ಯೆಯನ್ನು ಕಾರ್ಡ್ ಕಂಪನಿಯವರನ್ನೇ ಮೇಲ್ ಮೂಲಕ ಕೇಳಿದೆ, ಅವರದ್ದೇ ಅಂತ ಉತ್ತರ ಬಂತು. ಮೆಮೊರಿ 1750ಕ್ಕೆ ಇಳಿಸಿದರೆ ತಪ್ಪು ತುಂಬಾ ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ. ಆಲ್ಬಂ ಮಾತ್ರ ಮೊದಲಿಗಿಂತ ಜಾಸ್ತಿ ಹೊತ್ತು ತಡೆಯುತ್ತದೆ.

ಸುಂಟಿಕೊಪ್ಪ ಎಸ್ಟೇಟ್

ಕಾರ್ಡನ್ನು ಓವನ್‌ನಲ್ಲಿ ಇಟ್ಟು ಬಿಸಿ ಮಾಡಿದರೆ ಸರಿ ಹೋಗುತ್ತದೆ ಅಂತ ಒಂದು ವಿಡಿಯೊ ನೋಡಿದ್ದೆ. ನಮ್ಮ ಮನೆಯಲ್ಲಿ ಕೇಕ್ ಮಾಡುವ ಓವನ್ ಇದೆ. ಅದರಲ್ಲಿ ಆಗುತ್ತಾ? ಹೇಗೂ ಹೋಗಿರುವ ಕಾರ್ಡ್ ತಾನೇ.

ಮೈಸೂರು ಚಿಪ್

ದಯವಿಟ್ಟು ಬೇಡ. ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ. ಈಗಿನ ಸೀಸವಿಲ್ಲದ ಬೆಸುಗೆ ಕರಗಲು 217 ಡಿಗ್ರಿ ಆಸುಪಾಸು ಬೇಕು. ಅಷ್ಟು ಬಿಸಿಯಲ್ಲಿ ಪ್ಲಾಸ್ಟಿಕ್ ಕನೆಕ್ಟರ್, ಕೆಪ್ಯಾಸಿಟರ್ ಹಾಳಾಗುತ್ತವೆ. ಅದಕ್ಕಿಂತ ಕಡಿಮೆ ಬಿಸಿಯಲ್ಲಿ ಬೆಸುಗೆ ಕರಗುವುದೇ ಇಲ್ಲ. ಹೊರಬರುವ ಹೊಗೆ ನೀವು ತಿನ್ನುವ ಕೇಕಿನ ಓವನ್ನಿಗೇ ಹಿಡಿಯುತ್ತದೆ.

ಓವನ್ ಕಥೆ ಬಂದದ್ದು ಹಳೇ ಕಾಲದ ಚಿಪ್ಪುಗಳಿಂದ. 2008ರ ಜುಲೈನಲ್ಲಿ ಎನ್ವಿಡಿಯಾ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳು ಕೆಡುತ್ತಿವೆ ಅಂತ ಒಪ್ಪಿಕೊಂಡು, ಅದರ ಖರ್ಚಿಗೆ 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ ಪ್ರಕಟಿಸಿತು. ಅಲ್ಲಿ ಕೆಟ್ಟದ್ದು ಸಿಲಿಕಾನ್ ತುಂಡಿಗೂ ಅದರ ಕೆಳಗಿನ ಹಲಗೆಗೂ ನಡುವಿನ ಸೂಕ್ಷ್ಮ ಬೆಸುಗೆ ಉಂಡೆಗಳು. ಬಿಸಿ ಮಾಡಿದರೆ ಅವು ಹಿಗ್ಗಿ ಕೆಲವು ದಿನ ತಾಗಿಕೊಳ್ಳುತ್ತಿದ್ದವು, ಮತ್ತೆ ಬಿಡುತ್ತಿದ್ದವು. ಸರಿ ಹೋಯಿತು ಅಂತ ವಿಡಿಯೊ ಹಾಕಿದವರು ತಿಂಗಳ ನಂತರದ ವಿಡಿಯೊ ಹಾಕುವುದಿಲ್ಲ. ಮೆಮೊರಿ ಚಿಪ್ಪಿನ ಒಳಗೇ ಸೋತ ಜಾಗವನ್ನು ಯಾವ ಓವನ್ನೂ ಸರಿ ಮಾಡುವುದಿಲ್ಲ.

ಸುಂಟಿಕೊಪ್ಪ ಎಸ್ಟೇಟ್

ಅರ್ಥವಾಯಿತು ಸರ್. ಕೇಳಿದ್ದು ಒಳ್ಳೆಯದಾಯಿತು.

ಕುಶಾಲನಗರ ರಿಪೇರಿ

ಮೇಡಂ, ಕೊನೆಯ ಪರೀಕ್ಷೆ ಎರಡೂ ಕಡೆಯ ಅದಲುಬದಲು. ನಿಮ್ಮ ಕಾರ್ಡ್ ನನ್ನ ಮಿಷನ್ನಿಗೆ, ನನ್ನ ಒಳ್ಳೇ ಕಾರ್ಡ್ ನಿಮ್ಮ ಮಿಷನ್ನಿಗೆ. ಒಂದು ಕಡೆ ಮಾತ್ರ ಮಾಡಿದರೆ ಅನುಮಾನ ಉಳಿಯುತ್ತದೆ. ನಿಮ್ಮ ಬೋರ್ಡಿನ ಸ್ಲಾಟ್ ಕೆಟ್ಟಿದ್ದರೆ ಹೊಸ ಕಾರ್ಡ್ ಹಾಕಿದರೂ ಅದೇ ಗೋಳು.

ಬರುವಾಗ ಪೂರ್ತಿ ಕ್ಯಾಬಿನೆಟ್ ತನ್ನಿ. ಆದರೆ ಕಾರ್ಡನ್ನು ಬಿಚ್ಚಿ ಬೇರೆ ತನ್ನಿ. ಘಾಟಿ ತಿರುವಿನ ಕುಲುಕಾಟಕ್ಕೆ ಭಾರದ ಕಾರ್ಡ್ ಸ್ಲಾಟನ್ನೇ ಕೀಳುತ್ತದೆ. ಹಳೇ ಮದರ್‌ಬೋರ್ಡ್ ಬಂದ ಬೆಳ್ಳಿ ಬಣ್ಣದ ಆಂಟಿಸ್ಟಾಟಿಕ್ ಕವರ್ ಇದ್ದರೆ ಅದರಲ್ಲಿ ಹಾಕಿ, ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ. ಅಕ್ಕಿಯಲ್ಲಿ ಹುದುಗಿಸಬೇಡಿ, ಅಕ್ಕಿಯ ಪುಡಿ ಫ್ಯಾನಿನೊಳಗೆ ಸೇರುತ್ತದೆ. ಮಳೆಯಿಂದ ಒಳಗೆ ತಂದ ತಕ್ಷಣ ಆನ್ ಮಾಡುವುದಿಲ್ಲ, ಒಂದೆರಡು ಗಂಟೆ ಅಂಗಡಿಯಲ್ಲಿ ಹಾಗೇ ಇಡುತ್ತೇನೆ. ತಣ್ಣಗಿನ ಲೋಹದ ಮೇಲೆ ಹನಿ ಕೂತಿರುತ್ತದೆ.

ಮಡಿಕೇರಿ ಮೋಡ

ಕ್ಯಾಬಿನೆಟ್ಟಿಗೆ ಎರಡು ಸುತ್ತು ಪ್ಲಾಸ್ಟಿಕ್ ಹೊದೆಸಿ. ಈ ವಾರ ಮಡಿಕೇರಿಯಲ್ಲಿ ಮಳೆ ಬಿಡುವ ಹಾಗೆ ಕಾಣುವುದಿಲ್ಲ.

ಕುಶಾಲನಗರ ರಿಪೇರಿ

ಮೇಡಂ ಬಂದಿದ್ದರು. ಅವರ ಅನುಮತಿ ಪಡೆದು ಇಲ್ಲಿ ಬರೆಯುತ್ತಿದ್ದೇನೆ, ಬೇರೆಯವರಿಗೂ ಉಪಯೋಗ ಆಗಲಿ.

ಅವರ ಕಾರ್ಡನ್ನು ನನ್ನ ಟೆಸ್ಟ್ ಬೆಂಚಿನಲ್ಲಿ ಹಾಕಿದೆ. ಬೇರೆ ಬೋರ್ಡ್, ಬೇರೆ ಎಸ್‌ಎಂಪಿಎಸ್, ಬೇರೆ ವಿಂಡೋಸ್. ಮೆಮ್‌ಟೆಸ್ಟ್ ವಲ್ಕನ್‌ನಲ್ಲಿ ಅದೇ ತಪ್ಪು, ಹೆಚ್ಚುಕಡಿಮೆ ಅದೇ ಜಾಗ. ನನ್ನ ಕಾರ್ಡನ್ನು ಅವರ ಕ್ಯಾಬಿನೆಟ್ಟಿಗೆ ಹಾಕಿದೆ. ಅವರ ಅದೇ ಆಲ್ಬಂ ಫೈಲ್, ಮೆಮೊರಿ 6 ಜಿಬಿ ದಾಟುವವರೆಗೆ ತುಂಬಿಸಿದೆವು. ಒಂದು ಚೌಕ ಇಲ್ಲ. ಮಧ್ಯಾಹ್ನದಿಂದ ಅಂಗಡಿ ಮುಚ್ಚುವವರೆಗೆ ಓಡಿತು. ಅಂದರೆ ಅವರ ಬೋರ್ಡ್, ಸ್ಲಾಟ್, ಎಸ್‌ಎಂಪಿಎಸ್ ಎಲ್ಲ ಸರಿ ಇವೆ. ಕೆಟ್ಟಿರುವುದು ಕಾರ್ಡಿನ ಮೆಮೊರಿ.

ಕೊನೆಗೆ ಅವರು ಒಪ್ಪಿದ ಮೇಲೆ ಹೀಟ್‌ಸಿಂಕ್, ಅಂದರೆ ಚಿಪ್ಪುಗಳ ಬಿಸಿ ಹೀರುವ ಲೋಹದ ರೆಕ್ಕೆಗಳ ಭಾಗ ಬಿಚ್ಚಿದೆ. ಮುಖ್ಯ ಚಿಪ್ಪಿನ ಪೇಸ್ಟ್ ಒಣಗಿದ್ದರೂ ಜಾಗದಲ್ಲೇ ಇತ್ತು. ಮೆಮೊರಿ ಚಿಪ್ಪುಗಳ ಮೇಲಿನ ಥರ್ಮಲ್ ಪ್ಯಾಡ್ (ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಮೆತ್ತನೆಯ ಪಟ್ಟಿ) ನೋಡಿದಾಗ ವಿಷಯ ಗೊತ್ತಾಯಿತು. ಹಿಂದೆ ಯಾರೋ ಬಿಚ್ಚಿ ಪ್ಯಾಡ್ ಬದಲಿಸಿದ್ದಾರೆ, ತೆಳು ಪ್ಯಾಡ್ ಹಾಕಿದ್ದಾರೆ. ಒಂದು ಮೂಲೆಯ ಚಿಪ್ಪಿನ ಪ್ಯಾಡಿನ ಮೇಲೆ ಹೀಟ್‌ಸಿಂಕಿನ ಅಚ್ಚೇ ಬಿದ್ದಿಲ್ಲ. ಅಂದರೆ ಅದು ತಾಗುತ್ತಲೇ ಇರಲಿಲ್ಲ. ಆ ಕಾರ್ಡಿನಲ್ಲಿ ಮೆಮೊರಿಯ ಬಿಸಿ ತೋರಿಸುವ ಸೆನ್ಸರ್ ಇಲ್ಲ, ಹಾಗಾಗಿ ಎಚ್‌ಡಬ್ಲ್ಯುಇನ್ಫೋದಲ್ಲಿ 74 ಡಿಗ್ರಿ ಕಂಡದ್ದು ಮುಖ್ಯ ಚಿಪ್ಪಿನದು ಮಾತ್ರ. ಸರಿಯಾದ ದಪ್ಪದ ಪ್ಯಾಡ್ ಹಾಕಿ ಮತ್ತೆ ಪರೀಕ್ಷೆ ಮಾಡಿದೆ. ತಪ್ಪು ಇನ್ನೂ ಬರುತ್ತದೆ. ಹಾಳಾಗುವುದು ಆಗಿಹೋಗಿದೆ.

ಮೈಸೂರು ಚಿಪ್

ಒಳ್ಳೇ ಕೆಲಸ ಮಾಡಿದ್ದೀರಿ. ತಾಗದ ಚಿಪ್ಪೇ ಸೋತ ಚಿಪ್ ಅಂತ ಯಾವ ಚಿಪ್ ಎಂದು ತೋರಿಸುವ ಸಾಧನದಲ್ಲಿ ನೋಡದೆ ಹೇಳಲಾರೆ, ಆದರೆ ನನ್ನ ಅನುಮಾನವೂ ಅದರ ಮೇಲೇ. ಚಿಪ್ ಬದಲಿಸಬಹುದು. ಹಳೇದನ್ನು ಎತ್ತಿ, ಜಾಗ ಸ್ವಚ್ಛ ಮಾಡಿ, ಅದೇ ಕಂಪನಿಯ ಅದೇ ನಂಬರಿನ ಚಿಪ್ ಕೂರಿಸಬೇಕು. ನಾನೇ ಈ ಕೆಲಸ ಮಾಡುವವನಾದರೂ ಹೇಳುತ್ತೇನೆ ಅಕ್ಕ, ಇಷ್ಟು ಹಳೇ ಕಾರ್ಡಿಗೆ ಆ ಖರ್ಚು ಬೇಡ. ಒಂದು ಚಿಪ್ ಸೋತಿದ್ದರೆ ಜೊತೆಯವೂ ಅಷ್ಟೇ ವರ್ಷ ದುಡಿದಿವೆ.

ನಾಪೋಕ್ಲು ಆಲ್ಬಂ

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ಫೋನಿನಲ್ಲಿ ಹೇಳಿದ ಉತ್ತರವೇ ಕೊನೆಗೆ ಬಂತು, ಆದರೆ ಈಗ ನನಗೆ ಅದು ಗೊತ್ತಿದೆ. ಬೋರ್ಡ್, ಎಸ್‌ಎಂಪಿಎಸ್ ಬದಲಿಸುವ ಯೋಚನೆ ಬಿಟ್ಟೆ. ಮನೆಯ ಅರ್ಥಿಂಗ್ ಕೂಡ ಸರಿಯಾಯಿತು.

ಸದ್ಯಕ್ಕೆ ಕಾರ್ಡ್ ತೆಗೆದಿಟ್ಟು ಪ್ರೊಸೆಸರಿನ ಗ್ರಾಫಿಕ್ಸ್‌ನಲ್ಲೇ ಕೆಲಸ ಮಾಡುತ್ತಿದ್ದೇನೆ. ಫೋಟೊಶಾಪಿನಲ್ಲಿ ಗ್ರಾಫಿಕ್ಸ್ ಪ್ರೊಸೆಸರ್ ಬಳಸುವ ಟಿಕ್ ತೆಗೆದೆ. ದೊಡ್ಡ ಹಾಳೆಯಲ್ಲಿ ಜೂಮ್ ಮಾಡಿದರೆ ತಡವರಿಸುತ್ತದೆ, ಆಲ್ಬಂ ಮುಗಿಯುತ್ತಿದೆ. ವಿಡಿಯೊ ಮಾತ್ರ ತುಂಬಾ ನಿಧಾನ. ಕಾಫಿ ದುಡ್ಡು ಬಂದ ಮೇಲೆ ಇನ್ನೊಂದು ಕಾರ್ಡ್ ನೋಡಬೇಕು. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡರೆ ಏನು ನೋಡಬೇಕು?

ಗೋಣಿಕೊಪ್ಪ ಗೇಮರ್

ಮಾರುವವರ ಎದುರಿಗೇ ಮೆಮ್‌ಟೆಸ್ಟ್ ವಲ್ಕನ್ ಹಾಕಿ ಅಕ್ಕ, ಐದು ನಿಮಿಷದ ಕೆಲಸ. ಒಪ್ಪದಿದ್ದರೆ ಎದ್ದು ಬನ್ನಿ. ಆಮೇಲೆ ಜಿಪಿಯು-ಝಡ್‌ನಲ್ಲಿ ಶೇಡರ್ (ಮುಖ್ಯ ಚಿಪ್ಪಿನೊಳಗೆ ಲೆಕ್ಕ ಮಾಡುವ ಸಣ್ಣ ಘಟಕ) ಸಂಖ್ಯೆ ನೋಡಿ. ಉದಾಹರಣೆಗೆ ಆರ್‌ಎಕ್ಸ್ 580ಯಲ್ಲಿ 2304 ಇರಬೇಕು. ಅದೇ ಹೆಸರಿನಲ್ಲಿ 2048 ಇರುವ ಇನ್ನೊಂದು ಮಾದರಿಯೂ ಇದೆ, ಅದಕ್ಕೆ ಬೆಲೆ ಕಡಿಮೆ ಇರಬೇಕು. ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ ಅಂತ ಲೆಕ್ಕ, ಪ್ಯಾಡ್ ಬಗ್ಗೆ ಕೇಳಿ.

ಸೋಮವಾರಪೇಟೆ ಲೈನ್

8 ಪಿನ್ ಬೇಡದ, ಸ್ಲಾಟಿನಿಂದಲೇ 75 ವ್ಯಾಟಿನೊಳಗೆ ನಡೆಯುವ ಕಾರ್ಡ್ ಇದ್ದರೆ ಅದನ್ನೇ ನೋಡಮ್ಮ. ಕರೆಂಟ್ ಹೋದಾಗ ಯುಪಿಎಸ್ ಮೇಲೆ ಜಾಸ್ತಿ ಹೊತ್ತು ಓಡುತ್ತದೆ.

ಕುಶಾಲನಗರ ರಿಪೇರಿ

ಕಾರ್ಡ್ ಆರಿಸಿದ ಮೇಲೆ ದುಡ್ಡು ಕೊಡುವ ಮುಂಚೆ ನನಗೆ ಒಂದು ಮೆಸೇಜ್ ಹಾಕಿ ಮೇಡಂ. ನಿಮ್ಮ ಕ್ಯಾಬಿನೆಟ್ಟಿನ ಉದ್ದ ಅಳೆದು ಇಟ್ಟುಕೊಂಡಿದ್ದೇನೆ, ಮೂರು ಫ್ಯಾನಿನ ಕಾರ್ಡ್ ಅದರಲ್ಲಿ ಹಿಡಿಸುವುದಿಲ್ಲ.